ಮೆತ್ತಗಾದ ಒರೆ

"ಸಂಜೆ ನಾಲ್ಕು ಗಂಟೆಗೆ ರಿವಾಲ್ವರ್ ನನ್ನ ಟೇಬಲ್ ಮೇಲಿರಬೇಕು. ಇಲ್ಲಾಂದ್ರೆ ನಾನು ಪೊಲೀಸ್‌ಗೆ ಬರೀಲೇಬೇಕು. ಆಮೇಲೆ ನಿನ್ನ ಕೆಲಸ ಉಳಿಸೋದು ನನ್ನ ಕೈಲಿಲ್ಲ ಕಣಮ್ಮ."

ವಲಯ ಅರಣ್ಯಾಧಿಕಾರಿ ಮುರಳಿಮೋಹನ್ ಇಷ್ಟು ಹೇಳಿ ಫೋನ್ ಇಟ್ಟರು. ಸಂಘಮಿತ್ರ ಫೋನನ್ನು ಜೇಬಿಗೆ ಹಾಕಿಕೊಂಡು ಗುಡ್ಡದ ಕಡೆ ನೋಡಿದಳು. ಗುಡ್ಡ ಇರಲಿಲ್ಲ. ಬೆಳಗಿನ ಆರು ಗಂಟೆಯ ಮಂಜು ಏಳುಬಂಡೆ ಗುಡ್ಡವನ್ನು ಬುಡದಿಂದ ನೆತ್ತಿಯವರೆಗೆ ನುಂಗಿತ್ತು. ಹಿಂದೆ ಮಂಡಿಕಲ್ ಕಡೆಯ ರಾಗಿ ಹೊಲಗಳೂ ಅರ್ಧಕ್ಕೇ ನಿಂತಿದ್ದವು. ಎಲ್ಲೋ ಒಂದು ನವಿಲು ಕೂಗಿತು. ಆ ಕೂಗು ಯಾವ ದಿಕ್ಕಿನಿಂದ ಬಂತು ಎಂದು ಹೇಳುವುದು ಕಷ್ಟವಾಗಿತ್ತು.

ಅವಳು ಉಪವಲಯ ಅರಣ್ಯಾಧಿಕಾರಿ. ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳು, ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಹಿಂದಿನ ದಿನ ಇದೇ ಗುಡ್ಡದಲ್ಲಿ ಕರಡಿಗಳ ಓಡಾಟ ತಿಳಿಯಲು ಇಟ್ಟಿದ್ದ ಕ್ಯಾಮೆರಾ ನೋಡಿಕೊಂಡು ಇಳಿದಾಗ ಸೊಂಟದ ಒರೆ ಖಾಲಿಯಾಗಿತ್ತು. ಆರು ಗುಂಡು ತುಂಬಿದ್ದ ಇಲಾಖೆಯ ರಿವಾಲ್ವರ್ ಮೇಲೆ ಎಲ್ಲೋ ಬಿದ್ದಿತ್ತು.

ಆ ಒರೆಯದ್ದೇ ಒಂದು ಕತೆ. ಇಲಾಖೆ ಕೊಟ್ಟದ್ದು ದಪ್ಪ ಸೊಂಟದ ಗಂಡಸರಿಗೆಂದು ಹೊಲಿದದ್ದು. ಬಲಕ್ಕೆ ಕಟ್ಟಿದರೆ ಜೀಪಿನಲ್ಲಿ ಕೂತಾಗ ಹಿಡಿ ಪಕ್ಕೆಲುಬಿಗೆ ತಿವಿಯುತ್ತಿತ್ತು. ಬೆನ್ನಿಗೆ ಸರಿಸಿದರೆ ಬೆನ್ನುಮೂಳೆ ಸವೆಯುತ್ತಿತ್ತು. ಚಿಂತಾಮಣಿಯ ಗೆಳತಿಯೊಬ್ಬಳಿಂದ ಹೆಗಲಿಗೆ ಹಾಕುವಂಥದ್ದನ್ನು ತಂದು ನೋಡಿದಳು. ಅದರ ಪಟ್ಟಿ ಕಂಕುಳನ್ನು ಕೊಯ್ಯುತ್ತಿತ್ತು, ಬಗ್ಗಿದಾಗಲೆಲ್ಲ ರಿವಾಲ್ವರ್ ತೂಗಾಡಿ ಮೊಣಕೈಗೆ ಬಡಿಯುತ್ತಿತ್ತು. ಕೊನೆಗೆ ಹಳೆಯದನ್ನೇ ಪೆರೇಸಂದ್ರದ ಮನೆಯಲ್ಲಿದ್ದ ತಾತ ಮುನಿವೆಂಕಟಪ್ಪನ ಕೈಗೆ ಕೊಟ್ಟಳು.

ತಾತ ವಯಸ್ಸಿನಲ್ಲಿ ಬಾವಿಗಳಿಗೆ ಕಪಿಲೆ ಚೀಲ ಹೊಲಿಯುತ್ತಿದ್ದವನು. ಎತ್ತು ಎಳೆದಂತೆ ಬಾವಿಯಿಂದ ನೀರು ಹೊತ್ತು ಮೇಲೆ ಬರುವ ಆ ತೊಗಲಚೀಲ ಮೆತ್ತಗಿರಬೇಕು, ಇಲ್ಲದಿದ್ದರೆ ಬಿರಿಯುತ್ತದೆ. ಅವನ ಕೈಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ. ಒರೆಗೆ ಐದು ದಿನ ಹೊಂಗೆಯೆಣ್ಣೆ ಕುಡಿಸಿ, ತಿಕ್ಕಿ ತಿಕ್ಕಿ, ರೊಟ್ಟಿಯಂತೆ ಮಡಚುವ ಹಾಗೆ ಮಾಡಿ ಕೊಟ್ಟ. ಅವಳು ಹದಿನೈದು ದಿನ ಸುಖವಾಗಿ ಓಡಾಡಿದಳು. ಎಣ್ಣೆ ಕುಡಿದ ತೊಗಲಿನಲ್ಲಿ ಗುಂಡಿಯ ತೂತು ಹಿಗ್ಗುತ್ತಿದ್ದದ್ದು ಅವಳಿಗೆ ತಿಳಿಯಲಿಲ್ಲ.

ನಿನ್ನೆ ಸಂಜೆ ತಾತ ಖಾಲಿ ಒರೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದ. "ನೀರು ತುಂಬೋ ತೊಗಲೂ ಇದೂ ಒಂದೇ ಅನ್ಕೊಂಡೆ ಕಣಮ್ಮ," ಎಂದಿದ್ದ. ಆಮೇಲೆ ಊಟ ಮಾಡಲಿಲ್ಲ.

"ಏಮಿ ಮೇಡಂ, ಮಂಜು ನೋಡ್ಕೊಂಡೇ ನಿಂತ್ರಿ?" ಎಂದ ಕೋನಪ್ಪ. ಮೊದಲು ಇದೇ ಗುಡ್ಡದಲ್ಲಿ ಮೇಕೆ ಕಾಯುತ್ತಿದ್ದವನು, ಈಗ ಇಲಾಖೆಯ ವಾಚರ್. ಕೈಯಲ್ಲಿ ಸೊಪ್ಪು ಕೊಯ್ಯುವ ಉದ್ದನೆಯ ದೋಟಿ, ತುದಿಯಲ್ಲಿ ಕೊಕ್ಕೆ. ಅವನ ಪಕ್ಕದಲ್ಲಿ ಹಗ್ಗದ ಸುರುಳಿ ಹೆಗಲಿಗೇರಿಸಿ ನಿಂತಿದ್ದವಳು ಫಾರೆಸ್ಟ್ ಗಾರ್ಡ್ ಕವಿತ, ನಿನ್ನೆಯೂ ಜೊತೆಗೆ ಹತ್ತಿದ್ದವಳು.

ಸಂಘಮಿತ್ರ ನೆಲದಲ್ಲಿ ಹುಡುಕಿ ಉದ್ದನೆಯ ಕಲ್ಲೊಂದನ್ನು ಎತ್ತಿಕೊಂಡಳು. ತೂಗಿ ನೋಡಿದಳು, ಬಿಟ್ಟಳು. ಇನ್ನೊಂದನ್ನು ತೆಗೆದುಕೊಂಡಳು. ಅದು ಕೈಗೆ ರಿವಾಲ್ವರಿನಷ್ಟೇ ಭಾರ ಅನ್ನಿಸಿತು. ಅದನ್ನು ಖಾಲಿ ಒರೆಗೆ ತುರುಕಿ ಗುಂಡಿ ಹಾಕಿದಳು.

"ಇದೇನ್ ಮೇಡಂ, ಗನ್ ಹೋಯ್ತು ಅಂತ ಕಲ್ಲು ಇಟ್ಕೊಂಡ್ರಾ?" ಕವಿತ ನಕ್ಕಳು.

"ನಿನ್ನೆ ಹೆಂಗೆ ಹೋದೆನೋ ಹಂಗೇ ಹೋಗ್ತೀನಿ. ಎಲ್ಲೆಲ್ಲಿ ನುಸುಳಿದೆನೋ ಅಲ್ಲೆಲ್ಲ ನುಸುಳ್ತೀನಿ. ಕಲ್ಲು ಎಲ್ಲಿ ಬೀಳುತ್ತೋ ಗನ್ನೂ ಅಲ್ಲೇ ಬಿದ್ದಿರುತ್ತೆ. ಇಬ್ರೂ ನನ್ನ ಸೊಂಟ ನೋಡ್ತಾ ಬನ್ನಿ."

"ನಾನು ನೋಡಲ್ಲಮ್ಮ, ಕವಿತಮ್ಮ ನೋಡ್ಲಿ," ಎಂದು ಕೋನಪ್ಪ ಮುಂದೆ ನಡೆದ.

ಅವರು ಹತ್ತಿದರು. ಮಂಜಿನೊಳಗೆ ಹತ್ತುವುದು ನಿದ್ದೆಯೊಳಗೆ ನಡೆದಂತಿತ್ತು. ಹತ್ತು ಹೆಜ್ಜೆ ಮುಂದೆ ಏನೂ ಇಲ್ಲ. ಹತ್ತು ಹೆಜ್ಜೆ ಇಟ್ಟರೆ ಅಲ್ಲೊಂದು ಬಂಡೆ, ಆನೆಯ ಬೆನ್ನಿನಂಥದ್ದು, ಒದ್ದೆಯಾಗಿ, ಆಗತಾನೇ ಹುಟ್ಟಿದಂತೆ ನಿಂತಿರುತ್ತಿತ್ತು. ಬಾದೆ ಹುಲ್ಲಿನ ತೆನೆಗಳ ಮೇಲೆ ನೀರಿನ ಹನಿಗಳು ಸಾಲಾಗಿ ಕೂತಿದ್ದವು, ಪ್ಯಾಂಟಿಗೆ ತಗುಲಿ ಒಡೆಯುತ್ತಿದ್ದವು. ಸೀತಾಫಲದ ಪೊದೆಗಳು ಬಂದು ಹೋದವು. ಮಾತಾಡಿದರೆ ಮಾತು ದೂರ ಹೋಗುತ್ತಿರಲಿಲ್ಲ, ಬಾಯಿಯ ಹತ್ತಿರವೇ ನಿಲ್ಲುತ್ತಿತ್ತು. ಒಂದು ಕಡೆ ಮಂಜು ಸ್ವಲ್ಪ ಹರಿದು, ಕೆಳಗೆ ತುಂಬಾ ಆಳದಲ್ಲಿ ಕೆರೆಯೊಂದು ಬಿದ್ದುಹೋದ ಕನ್ನಡಿಯಂತೆ ಕಂಡಿತು. ತೊಂಡೇಬಾವಿ ಕಡೆಯಿಂದ ರೈಲಿನ ಸದ್ದು ಬಂದು, ಅದೂ ಮಂಜಿನಲ್ಲಿ ಕರಗಿತು. ಮೂವರೂ ಸ್ವಲ್ಪ ಹೊತ್ತು ಏಕೆ ಬಂದಿದ್ದೇವೆಂಬುದನ್ನೇ ಮರೆತವರಂತೆ ನಡೆದರು.

ಮೊದಲ ಇಕ್ಕಟ್ಟು ಎರಡು ಬಂಡೆಗಳ ನಡುವಿನ ಸಂದು. ಅಡ್ಡಡ್ಡ ತೂರಬೇಕು. ಒರೆ ಬಂಡೆಗೆ ಸಿಕ್ಕಿಕೊಂಡಿತು.

"ನಿನ್ನೆ ಇಲ್ಲೇ ಅದನ್ನ ಹಿಂದಕ್ಕೆ ತಳ್ಳಿದ್ರಿ," ಎಂದಳು ಕವಿತ.

ಸಂಘಮಿತ್ರ ಒರೆಯನ್ನು ಬೆನ್ನಿಗೆ ತಳ್ಳಿ ತೂರಿದಳು. ಕಲ್ಲು ಒಳಗೇ ಇತ್ತು.

ಎರಡನೆಯದು ಹಾಸುಬಂಡೆಯ ಕೆಳಗಿನ ಕಂಡಿ. ಹೊಟ್ಟೆಯ ಮೇಲೆ ತೆವಳಿದಳು. ಮೇಲಿನ ಬಂಡೆ ಒರೆಯನ್ನು ಉಜ್ಜಿತು. ಗುಂಡಿ ಸದ್ದಿಲ್ಲದೆ ಬಿಚ್ಚಿಕೊಂಡಿತು.

"ಗುಂಡಿ ಬಿಚ್ತು ಮೇಡಂ! ಕಲ್ಲು ಮಾತ್ರ ಅಲ್ಲೇ ಇದೆ."

"ಮುಟ್ಬೇಡ. ಹಂಗೇ ಇರ್ಲಿ."

ಮೂರನೆಯದು ಇಳಿಜಾರು ಬಂಡೆ. ನಿನ್ನೆ ಅದರ ಅಂಚಿನ ಬಿರುಕಿನಲ್ಲಿದ್ದ ಕ್ಯಾಮೆರಾ ನೋಡಲು ಅವಳು ತಲೆ ಕೆಳಗೆ ಮಾಡಿ ಮಲಗಿದ್ದಳು. ಈಗಲೂ ಮಲಗಿದಳು, ಕೈ ಚಾಚಿದಳು. ಬೆನ್ನಿನ ಮೇಲಿನ ಭಾರ ಒಮ್ಮೆಲೇ ಹೋಯಿತು. ಕಲ್ಲು ಅವಳ ಹೆಗಲ ಪಕ್ಕದಿಂದ ಜಾರಿ ಬಿರುಕಿನೊಳಗೆ ಇಳಿಯಿತು.

"ಪಡಿಪೋಯಿಂದಿ, ಬಿತ್ತು!" ಎಂದ ಕೋನಪ್ಪ.

ಕೆಳಗೆ ಒಣಗಿದೆಲೆಗಳ ದರಗಿನ ಮೇಲೆ 'ಟಪ್' ಎಂದು ಮೆತ್ತನೆಯ ಸದ್ದು. ನಿನ್ನೆಯ ಗಾಳಿಯಲ್ಲಿ ಇದು ಕೇಳಿಸಲು ಸಾಧ್ಯವೇ ಇರಲಿಲ್ಲ. ಆ ಸದ್ದಿನ ಹಿಂದೆಯೇ ಇನ್ನೊಂದು ಸದ್ದು ಬಂತು. ಉದ್ದನೆಯ, ನಿಧಾನವಾದ, ತೇವದ ಉಸಿರು. ಗುಡ್ಡವೇ ಗೊರಕೆ ಹೊಡೆದಂತೆ.

ಮೂವರೂ ಅಲುಗಲಿಲ್ಲ.

"ಕರಡಿ," ಕೋನಪ್ಪ ತುಟಿಯಲ್ಲೇ ಹೇಳಿದ. "ಹಗಲೊತ್ತು ಮಲಗುತ್ತೆ."

ಬಿರುಕಿನೊಳಗೆ ಇಣುಕಿದರು. ಎರಡಾಳು ಆಳದಲ್ಲಿ ಸಣ್ಣ ಗವಿ. ಇನ್ನೊಂದು ಮಗ್ಗುಲಿನ ಸೀಳಿನಿಂದ ಬಿಸಿಲಿನ ಒಂದು ಕೋಲು ಒಳಗೆ ಬಿದ್ದಿತ್ತು. ಹೊರಗೆ ಮಂಜು ಯಾವಾಗ ಒಡೆಯಿತೋ ಯಾರಿಗೂ ಗೊತ್ತಾಗಿರಲಿಲ್ಲ. ಬಿಸಿಲಿನಲ್ಲಿ ದೂಳು ಬಂಗಾರದಂತೆ ಸುತ್ತುತ್ತಿತ್ತು. ಗೋಡೆಗೊರಗಿ ತಾಯಿ ಕರಡಿ ಮನುಷ್ಯರ ಹಾಗೆ ಕಾಲು ಚಾಚಿ ಮಲಗಿತ್ತು, ಹೊಟ್ಟೆಯ ಮೇಲೊಂದು ಮರಿ. ತಾಯಿ ಉಸಿರೆಳೆದಾಗ ಮರಿ ಮೇಲೇರುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಅವುಗಳಿಂದ ನಾಲ್ಕು ಮೊಳ ದೂರದಲ್ಲಿ, ದರಗಿನ ಮೇಲೆ, ಕಲ್ಲು ಬಿದ್ದಿತ್ತು. ಕಲ್ಲಿನ ಪಕ್ಕದಲ್ಲಿ ರಿವಾಲ್ವರ್.

"ದೋಟಿ ಬಿಡ್ತೀನಿ," ಎಂದ ಕೋನಪ್ಪ. "ಕೊಕ್ಕೆಗೆ ಸಿಕ್ಕಿಸ್ಕೊಂಡು ಎಳ್ಕೊಂಡ್ಬಿಡಣ."

"ಬೇಡ ಕೋನಪ್ಪಣ್ಣ. ಗುಂಡು ತುಂಬಿದೆ. ಕೊಕ್ಕೆ ಟ್ರಿಗರ್‌ಗೆ ತಗುಲಿದ್ರೆ ಮುಗೀತು. ನಾನೇ ಇಳೀತೀನಿ."

"ಮೇಡಂ, ಸಾಹೇಬ್ರು ಪೊಲೀಸ್‌ಗೆ ಬರೆದ್ರೆ ಬರೀಲಿ ಬಿಡಿ. ಜೀವಕ್ಕಿಂತ..."

"ಗುಂಡು ತುಂಬಿರೋ ಗನ್ ಇಲ್ಲೇ ಬಿಟ್ಟು ಹೋಗ್ಲಾ ಕವಿತ? ನಾಳೆ ಸೌದೆಗೆ ಬಂದೋರ ಕೈಗೆ ಸಿಗ್ಲಿ ಅಂತನಾ?"

ಕವಿತ ಹಗ್ಗ ಬಿಚ್ಚಿದಳು. ಬಂಡೆಯನ್ನು ಅಪ್ಪಿಕೊಂಡಿದ್ದ ಬಸರಿ ಮರದ ಬೇರಿಗೆ ಒಂದು ತುದಿ, ಸಂಘಮಿತ್ರಳ ಸೊಂಟಕ್ಕೆ ಇನ್ನೊಂದು. ಅವಳು ಬೂಟು ಬಿಚ್ಚಿಟ್ಟಳು.

ಇಳಿದಳು. ಬಂಡೆ ತಣ್ಣಗಿತ್ತು. ಕಾಲು ದರಗಿಗೆ ತಾಗಿತು. ಹೆಜ್ಜೆ ಇಡಲಿಲ್ಲ, ಪಾದವನ್ನು ಎಲೆಗಳ ಕೆಳಗೆ ತೂರಿಸಿ ಸರಿಸಿದಳು. ಕರಡಿಯ ವಾಸನೆ ಒದ್ದೆ ಕಂಬಳಿಯಂತೆ ಮುಖಕ್ಕೆ ಬಂತು. ಒಂದು ಗೊರಕೆಗೆ ಒಂದು ಗೇಣು. ಇನ್ನೊಂದು ಗೊರಕೆಗೆ ಇನ್ನೊಂದು ಗೇಣು. ಭಯಕ್ಕಿಂತ ಹೆಚ್ಚಾಗಿ ಅವಳಿಗೆ ನಿದ್ದೆ ಬರುವಂತಾಗುತ್ತಿತ್ತು, ಆ ಉಸಿರಿನ ಲಯ ಹಾಗಿತ್ತು.

ರಿವಾಲ್ವರ್ ಕೈಗೆ ಬಂತು.

ಎರಡೂ ಕೈ ಹಗ್ಗಕ್ಕೆ ಬೇಕು. ರಿವಾಲ್ವರ್ ಮೈಮೇಲೆ ಎಲ್ಲಾದರೂ ಇರಬೇಕು, ಗುಂಡು ಇರಬಾರದು. ಅವಳು ಗುಂಡಿನ ಉರುಳೆಯನ್ನು ಹೊರಕ್ಕೆ ಒತ್ತಿದಳು. ಕ್ಲಿಕ್.

ಮರಿ ಕಣ್ಣು ಬಿಟ್ಟಿತು.

ಅವಳು ಅದನ್ನೇ ನೋಡುತ್ತ ಆರೂ ಗುಂಡುಗಳನ್ನು ಅಂಗೈಗೆ ಇಳಿಸಿಕೊಂಡು ಜೇಬಿಗೆ ಹಾಕಿದಳು. ಮರಿ ತಾಯಿಯ ಹೊಟ್ಟೆಯಿಂದ ಜಾರಿತು. ಮೂಗು ಎತ್ತಿತು. ಎರಡು ಹೆಜ್ಜೆ ಬಂತು.

ಮೇಲಿನಿಂದ ಏನೋ ತಲೆಯ ಮೇಲೆ ಬಿತ್ತು. ಕೋನಪ್ಪನ ಟವಲ್. ತಲೆ ಎತ್ತಿದರೆ ಕವಿತ ತನ್ನ ಎದೆಗೆ ಅಡ್ಡಲಾಗಿ ಕೈ ಎಳೆದು, ಹೆಗಲ ಮೇಲೆ ಸುತ್ತಿ, ಗಂಟು ಹಾಕುವಂತೆ ತೋರಿಸುತ್ತಿದ್ದಳು. ಹೊಲಕ್ಕೆ ಹೋಗುವಾಗ ಅವಳು ಮಗಳನ್ನು ಕಟ್ಟಿಕೊಳ್ಳುತ್ತಿದ್ದದ್ದು ಹಾಗೆ. ಸಂಘಮಿತ್ರ ರಿವಾಲ್ವರನ್ನು ಎದೆಯ ಕೆಳಗೆ ಓರೆಯಾಗಿ ಇಟ್ಟು, ಟವಲನ್ನು ಬಿಗಿಯಾಗಿ ಸುತ್ತಿ ಹೆಗಲ ಮೇಲೆ ಗಂಟು ಬಿಗಿದಳು. ತಿವಿಯಲಿಲ್ಲ. ಅಲುಗಲಿಲ್ಲ.

ಮರಿ ಅವಳ ಸೊಂಟಕ್ಕೆ ಮೂಗು ಹಚ್ಚಿತು.

ಒರೆ. ಹೊಂಗೆಯೆಣ್ಣೆಯ ವಾಸನೆಗೆ ಬಂದಿದೆ ಎಂದು ಅವಳಿಗೆ ಹೊಳೆಯಿತು. ಮರಿ ಒರೆಯ ಅಂಚನ್ನು ಹಲ್ಲಿನಲ್ಲಿ ಹಿಡಿದು ಎಳೆಯಿತು. ಆಟಕ್ಕೆ ಗುರ್ ಎಂದಿತು.

ಗೊರಕೆ ನಿಂತಿತು.

ಗವಿಯೊಳಗೆ ಬಿಸಿಲಿನ ದೂಳು ಕೂಡ ನಿಂತಂತಾಯಿತು. ಸಂಘಮಿತ್ರ ಉಸಿರು ಹಿಡಿದು ಬೆಲ್ಟಿನ ಕೊಂಡಿ ಬಿಚ್ಚಿದಳು. ಬೆಲ್ಟು ಸರ್ರನೆ ಹೊರಬಂತು, ಒರೆ ಅದರಿಂದ ಕಳಚಿತು. ಮರಿ ಒರೆ ಕಚ್ಚಿಕೊಂಡೇ ಹಿಂದಕ್ಕೆ ಉರುಳಿ ತಾಯಿಯ ಕಾಲಿಗೆ ಬಿತ್ತು. ತಾಯಿ ಕಣ್ಣು ತೆರೆಯದೆ ಒಂದು ಕೈ ಚಾಚಿ, ಮರಿಯನ್ನೂ ಒರೆಯನ್ನೂ ಒಟ್ಟಿಗೆ ಎದೆಗೆ ಎಳೆದುಕೊಂಡಿತು.

ಒಂದು. ಎರಡು. ಮೂರು.

ಗೊರಕೆ ಮತ್ತೆ ಶುರುವಾಯಿತು.

ಸಂಘಮಿತ್ರ ಹಗ್ಗ ಹಿಡಿದು ಹತ್ತಿದಳು. ಹೊಟ್ಟೆ ಬಂಡೆಗೆ ಒತ್ತಿತು, ಮೊಣಕೈ ತರಚಿತು, ಒಮ್ಮೆ ಪಾದ ಜಾರಿ ಪೂರ್ತಿ ತೂಗಾಡಿದಳು. ರಿವಾಲ್ವರ್ ಎದೆಯಲ್ಲಿ ಕದಲದೆ ಇತ್ತು. ಕವಿತ ಅವಳ ಕಾಲರ್ ಹಿಡಿದು ಮೇಲೆಳೆದಳು.

ಇಳಿಜಾರು ಬಂಡೆ, ಕಂಡಿ, ಸಂದು. ಎಲ್ಲವನ್ನೂ ದಾಟಿ ಬಂದ ಮೇಲೇ ಮೂವರೂ ಮಾತಾಡಿದ್ದು.

"ನನ್ನ ಟವಲ್ಲು," ಎಂದ ಕೋನಪ್ಪ.

"ನಾಲ್ಕು ಗಂಟೆವರೆಗೂ ಇದು ಸರ್ಕಾರದ್ದು," ಎಂದಳು ಸಂಘಮಿತ್ರ. ಕವಿತ ಕೂತಲ್ಲೇ ನಗಲು ಶುರುಮಾಡಿದವಳು ಬಹಳ ಹೊತ್ತು ನಿಲ್ಲಿಸಲಿಲ್ಲ.

ಮೂರೂವರೆಗೆ ರಿವಾಲ್ವರ್ ಮುರಳಿಮೋಹನ್ ಟೇಬಲ್ ಮೇಲಿತ್ತು. ಪಕ್ಕದಲ್ಲಿ ಆರು ಗುಂಡು. ಅವರು ಒಂದೊಂದನ್ನೂ ನೋಡಿದರು.

"ಹೋಲ್‌ಸ್ಟರ್ ಎಲ್ಲಿ?"

"ಕರಡಿ ಮರಿ ಹತ್ರ ಇದೆ ಸರ್."

ಅವರು ಅವಳ ತರಚಿದ ಮೊಣಕೈ ನೋಡಿದರು. ಕಾಗದ ಮುಂದಕ್ಕೆ ತಳ್ಳಿದರು. "ಅದನ್ನೇ ಬರಿ. ಮೆಮೊ ಕೊಡ್ತೀನಿ, ಅದಕ್ಕೂ ಉತ್ತರ ಬರಿ. ಪೊಲೀಸ್‌ಗೆ ಬರೆಯಲ್ಲ."

ಪೆರೇಸಂದ್ರದ ಮನೆಯಲ್ಲಿ ತಾತ ಜಗಲಿಯ ಮೇಲೆ ಕೂತಿದ್ದ. ಅವಳ ಸೊಂಟ ನೋಡಿದ.

"ಸಿಗ್ತಾ?"

"ಸಿಗ್ತು ತಾತ. ಒರೆ ಹೋಯ್ತು. ಕರಡಿ ಮರಿ ತಗೊಂಡ್ತು."

"ಅದಕ್ಕೆ ಮೆತ್ತಗಿದ್ರೆ ಸಾಕು," ಎಂದ ತಾತ. ಆಮೇಲೆ ಎದ್ದು ತಟ್ಟೆ ಹಾಕಲು ಹೇಳಿದ. ಎರಡು ಮುದ್ದೆ ಉಂಡ.

ಭಾನುವಾರ ಅವಳು ಅನುಮತಿ ಪಡೆದು ಖಾಲಿ ರಿವಾಲ್ವರ್ ಮನೆಗೆ ತಂದಳು. ತಾತ ಹೊಂಗೆಯೆಣ್ಣೆಯ ಬಾಟಲನ್ನು ಅಟ್ಟಕ್ಕೆ ಹಾಕಿದ್ದ. ದಪ್ಪ ತೊಗಲನ್ನು ಬರೀ ನೀರಿನಲ್ಲಿ ನೆನೆಸಿದ್ದ. ದಾರ ಹಿಡಿದು ಅವಳ ಎದೆಯ ಅಡ್ಡಕ್ಕೆ, ಹೆಗಲ ಮೇಲಿಂದ, ಬೆನ್ನ ಹಿಂದಿನಿಂದ ಅಳೆದು ಗಂಟು ಹಾಕಿಕೊಂಡ. ಕೂರು ಅಂದ. ಏಳು ಅಂದ. ಕೈ ಎತ್ತು, ತೆವಳು ಅಂದ. ಅವಳು ಅಂಗಳದಲ್ಲಿ ತೆವಳಿದಳು. ರಿವಾಲ್ವರಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಮೇಲೆ ಒದ್ದೆ ತೊಗಲು ಹೊದಿಸಿ, ಅದರ ಒಂದೊಂದು ಉಬ್ಬನ್ನೂ ಹೆಬ್ಬೆರಳಿನಲ್ಲಿ ಒತ್ತುತ್ತ ಬಂದ. ತೊಗಲು ಆ ಆಕಾರಕ್ಕೆ ಬರುತ್ತಿತ್ತು. ಆಮೇಲೆ ರಿವಾಲ್ವರ್ ತೆಗೆದು ಅವಳಿಗೆ ಕೊಟ್ಟು, ಒರೆಯನ್ನು ನೆರಳಿನಲ್ಲಿ ನೇತುಹಾಕಿದ.

ನಾಲ್ಕನೆಯ ದಿನ ಅದು ಮರದಂತೆ ಗಟ್ಟಿಯಾಗಿತ್ತು. ಸಂಘಮಿತ್ರ ಎದೆಗೆ ಕಟ್ಟಿಕೊಂಡು ಖಾಲಿ ರಿವಾಲ್ವರ್ ಒಳಗಿಟ್ಟಳು. 'ಟಕ್' ಎಂದು ಕೂತಿತು. ಹಿಡಿಯ ಮೇಲಿನ ಪಟ್ಟಿಯ ಗುಂಡಿಯನ್ನು ಬೇಕೆಂದೇ ಹಾಕಲಿಲ್ಲ. ಅಂಗಳದ ಮಂಚದ ಮೇಲೆ ಬೋರಲು ಮಲಗಿ, ಸೊಂಟದವರೆಗೆ ಕೆಳಗೆ ಬಗ್ಗಿ, ತಲೆ ನೆಲಕ್ಕೆ ತಾಗುವಂತೆ ಜೋತು ಬಿದ್ದಳು. ಜೋರಾಗಿ ಮೈ ಕೊಡವಿದಳು. ತಲೆಕೆಳಗಾದ ಅಂಗಳದಲ್ಲಿ ತಾತನ ಎರಡು ಪಾದಗಳು ಕಂಡವು.

ಏನೂ ಬೀಳಲಿಲ್ಲ.

"ನೋವಾಗುತ್ತಾ?" ಎಂದ ತಾತ.

"ಇಲ್ಲ ತಾತ."

"ಇನ್ನೊಂದ್ ಸಲ ಕೊಡವು."