ಆಟಕ್ಕುಂಟು, ಲೆಕ್ಕಕ್ಕಿಲ್ಲ

“ಮೇಷ್ಟ್ರೇ, ನನ್ನ ಸರಾಸರಿ ಯಾಕೋ ಸರಿ ಬರ್ತಿಲ್ಲ. ಫೈಲ್ ಕಳಿಸಿದೀನಿ, ಸ್ವಲ್ಪ ನೋಡಿ,” ಎಂದು ಎದುರಿನ ಕುರ್ಚಿಯವಳು ಬಾಟಲಿಗೆ ನೀರು ತುಂಬಿಸಿಕೊಳ್ಳಲು ಎದ್ದಳು.

ಅವನೇನೂ ಮೇಷ್ಟ್ರಲ್ಲ. ಸಮೀಕ್ಷೆಗಳ ಅಂಕಿಅಂಶ ನೋಡುವ ಆ ಕಚೇರಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ತೂಕದ ಸರಾಸರಿಯ ಪಾಠ ಹೇಳುವ ಚಟ ಅವನಿಗಿತ್ತು, ಅಷ್ಟೇ. ಎಲ್ಲವನ್ನೂ ಕೂಡಿಸಿ ಭಾಗಿಸಿದರೆ ಸಾಲದು, ಯಾವುದು ಎಷ್ಟು ಮುಖ್ಯವೋ ಅದಕ್ಕೆ ಅಷ್ಟು ತೂಕ ಕೊಡಬೇಕು ಎನ್ನುತ್ತಿದ್ದ. ಎರಡು ವರ್ಷದಿಂದ ಅವಳು ಗಲ್ಲಕ್ಕೆ ಪೆನ್ನು ಒತ್ತಿಕೊಂಡು ಅದನ್ನು ಕೇಳುತ್ತಿದ್ದಳು. ನಡುವೆ ಅವಳ ಕಣ್ಣು ನಕ್ಕರೆ ಅವನಿಗೆ ಮುಂದಿನ ಮಾತೇ ಮರೆತುಹೋಗುತ್ತಿತ್ತು. ಅದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ.

ಫೈಲ್ ತೆರೆದ. ಅದು ಸಮೀಕ್ಷೆಯಾಗಿರಲಿಲ್ಲ. ‘ಇಲ್ಲೇ ಇರುವುದು’, ‘ವರ್ಗ ಒಪ್ಪಿ ಹೋಗುವುದು’ ಎಂದು ಎರಡು ಕಾಲಂ. ಕೆಳಗೆ ಉತ್ತರ: ಇರುವುದಕ್ಕೆ 6.1, ಹೋಗುವುದಕ್ಕೆ 7.5. ಪಕ್ಕದಲ್ಲಿ ಟಿಪ್ಪಣಿ: ‘ಇವತ್ತು ನಾಲ್ಕು ಗಂಟೆಯೊಳಗೆ ಹೇಳಬೇಕು.’

ಅವನು ತಟ್ಟನೆ ತಲೆ ಎತ್ತಿದ. ಗಡಿಯಾರದಲ್ಲಿ ಮೂರೂವರೆ. ವರ್ಗದ ಸುದ್ದಿ ಅವನ ಕಿವಿಗೇ ಬಿದ್ದಿರಲಿಲ್ಲ.

ಆದರೂ ಕಣ್ಣು ರೂಢಿಯಂತೆ ತಪ್ಪು ಹುಡುಕಿತು. ಹೊಸ ಹುದ್ದೆ, ತೂಕ ಮೂರು. ಅಮ್ಮನಿಗೆ ಹತ್ತಿರ, ನಾಲ್ಕು. ಕೆಲಸದ ಹುರುಪು, ಮೂರು. ಮೂಲೆಯಲ್ಲಿ ಸಾಫ್ಟ್‌ವೇರಿನ ಹಳದಿ ಎಚ್ಚರಿಕೆ: ‘ತೂಕವಿಲ್ಲದ ಒಂದು ಸಾಲನ್ನು ಬಿಡಲಾಗಿದೆ.’

ಬಿಟ್ಟ ಸಾಲಿನ ಹೆಸರು ‘ಎದುರಿನ ಮೇಜು’. ಇದ್ದರೆ ಹತ್ತಕ್ಕೆ ಹತ್ತು, ಹೋದರೆ ಸೊನ್ನೆ. ತೂಕದ ಮನೆ ಖಾಲಿ.

ಅವನು ತನ್ನ ಮೇಜನ್ನು ಮುಟ್ಟಿ ನೋಡಿಕೊಂಡ. ಅವಳ ಎದುರಿಗಿದ್ದ ಮೇಜು ಅದೊಂದೇ. ಊರಿಗೆಲ್ಲ ತೂಕದ ಪಾಠ ಹೇಳಿದ ಜಾಣನಿಗೆ ತನ್ನದೇ ತೂಕ ಗೊತ್ತಿರಲಿಲ್ಲ.

“ತಪ್ಪು ಸಿಕ್ತಾ?” ಅವಳು ಪಕ್ಕದಲ್ಲೇ ನಿಂತಿದ್ದಳು.

“ಒಂದು ಸಾಲು ಆಟಕ್ಕುಂಟು, ಲೆಕ್ಕಕ್ಕಿಲ್ಲ.” ಅವನು ಖಾಲಿ ಮನೆ ತೋರಿಸಿದ. “ತೂಕ ಹಾಕಿಲ್ಲ ನೀವು. ಸೊನ್ನೆ ಅಂತಾನಾ?”

“ಖಾಲಿ ಬೇರೆ, ಸೊನ್ನೆ ಬೇರೆ ಅಂತ ನೀವೇ ಹೇಳ್ಕೊಟ್ಟಿದ್ದು. ಸೊನ್ನೆ ಅಂದ್ರೆ ಬೇಡ ಅಂತ. ಖಾಲಿ ಅಂದ್ರೆ ಇನ್ನೂ ಗೊತ್ತಿಲ್ಲ ಅಂತ.” ಅವಳ ಕಿವಿ ಕೆಂಪಾಗಿತ್ತು. “ಆ ಮೇಜಿನವರು ಬಾಯಿ ಬಿಡದೆ ನಾನೊಬ್ಬಳೇ ಹೇಗೆ ಹಾಕ್ಲಿ?”

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. “ಒಂದು ಹಾಕಿದ್ರೆ ಹೋಗ್ತೀರಿ. ಎರಡು ಹಾಕಿದ್ರೆ ಇರ್ತೀರಿ.”

“ಹಾಗಾದ್ರೆ ಎರಡು ಹಾಕ್ತೀರಾ? ಜುಗ್ಗರು ಕಣ್ರೀ ನೀವು.”

“ಇಲ್ಲ.” ಅವನು ಮೊದಲ ಸಲ ಅವಳ ಕಣ್ಣು ನೋಡಿಯೇ ಮಾತಾಡಿದ. “ಇರೋದು ಹೋಗೋದು ನಿಮ್ಮಿಷ್ಟ. ಆದ್ರೆ ನೀವಂದ್ರೆ ನನಗೆ ಪ್ರಾಣ. ಎರಡು ವರ್ಷ ಆಯ್ತು. ಹೇಳೋಕೆ ಧೈರ್ಯ ಬರ್ಲಿಲ್ಲ.” ಖಾಲಿ ಮನೆಯಲ್ಲಿ ಹತ್ತು ಎಂದು ಒತ್ತಿದ.

ಅವಳು ಬಗ್ಗಿ, ಹತ್ತರ ಪಕ್ಕಕ್ಕೆ ಇನ್ನೊಂದು ಸೊನ್ನೆ ಸೇರಿಸಿದಳು. “ಇದು ನನ್ನ ಪಾಲು.”

“ಸೊನ್ನೆ ಅಂದ್ರೆ ಬೇಡ ಅಂತ ಅಲ್ವಾ?”

“ಯಾರ ಪಕ್ಕ ಕೂತಿದೆ ಅನ್ನೋದನ್ನೂ ನೋಡ್ಬೇಕು, ಮೇಷ್ಟ್ರೇ,” ಎಂದು ಅವಳು ಫೋನ್ ಎತ್ತಿಕೊಂಡು, ವರ್ಗ ಬೇಡವೆಂದು ಹೇಳಲು ಸಾಹೇಬರ ನಂಬರ್ ಒತ್ತಿದಳು.