ಜನವರಿಯ ನಾಲ್ಕು ಪದಗಳು

“ಡಾಕ್ಟರ್‌ಗೇ ಟೋಪಿ ಹಾಕಿದ್ಯಾ? ಬೇಕಂತಲೇ ತಪ್ಪು ಹೇಳಿ ಬಂದ್ಯಾ?”

“ಎಲ್ಲಾರೂ ಮಾಡ್ತಾರೆ ಕಣೇ ಜನೀನ್. ಮೆಲ್ಲಗೆ ಮಾತಾಡು, ಪಕ್ಕದ್ಮನೆ ಮೇವಿಸ್ ಗೋಡೆಗೆ ಕಿವಿ ಇಟ್ಟಿರ್ತಾಳೆ.”

“ಇಟ್ರೆ ಇಟ್ಕೊಳ್ಳಿ. ನಿನ್ನ ಶೌರ್ಯ ಅವಳಿಗೂ ಗೊತ್ತಾಗ್ಲಿ.”

ಡ್ಯಾರೆಲ್ ಹದಿಮೂರು ವರ್ಷದಿಂದ ನಮ್ಮ ಯಾರ್ಕ್‌ಷೈರ್ ಊರಿನ ಕ್ಲಬ್ಬಿಗೆ ಸಂಬಳಕ್ಕೆ ರಗ್ಬಿ ಲೀಗ್ ಆಡುತ್ತಿದ್ದ. ಪ್ರತಿ ಜನವರಿಯಲ್ಲಿ ಕ್ಲಬ್ಬಿನ ಡಾಕ್ಟರು ಹತ್ತು ಪದ ಹೇಳಿ, ಎಷ್ಟು ನೆನಪಿದೆ ಎಂದು ಬರೆದುಕೊಳ್ಳುತ್ತಾರೆ. ಹತ್ತೂ ನೆನಪಿದ್ದೂ ಈ ಸಲ ಇವನು ನಾಲ್ಕೇ ಹೇಳಿದ್ದ. ಮುಂದೆ ತಲೆಗೆ ಪೆಟ್ಟು ಬಿದ್ದಾಗ ಈ ಲೆಕ್ಕಕ್ಕೇ ಹೋಲಿಸಿ ನೋಡುವುದು; ನಾಲ್ಕು ಹೇಳಿದರೂ ಸಾಕು, ಮತ್ತೆ ಮೈದಾನಕ್ಕೆ ಬಿಡುತ್ತಾರೆ. ಹೋದ ಭಾನುವಾರ ಪೆಟ್ಟು ಬಿದ್ದಾಗ ಹಾಗೇ ಬಿಟ್ಟರು. ಮಂಗಳವಾರ ಇವನು ಮಾಂಸದಂಗಡಿ ಮುಂದೆ ಕಾರು ಮರೆತು ನಡೆದು ಬಂದು, ಕಳುವಾಗಿದೆ ಎಂದು ಪೊಲೀಸರಿಗೆ ಫೋನ್ ಮಾಡಿದ.

ಹಿಟ್ಟು ಕಲೆಸುತ್ತಿದ್ದ ಕೈ ಒರೆಸಿಕೊಂಡು, “ಕೂತ್ಕೋ,” ಎಂದೆ. ಅಡುಗೆಮನೆಯ ಹತ್ತು ಸಾಮಾನು ಹೆಸರಿಸಿದೆ. “ಈಗ ನಿಜವಾಗ್ಲೂ ಹೇಳು.”

ಹೊಲಿಗೆ ಬಿದ್ದ ಹುಬ್ಬೇರಿಸಿ ನೋಡಿದ. ಮೊದಲ ಸಲ ಕ್ಲಬ್ಬಿನಲ್ಲಿ ನಾನು ಮಾಂಸದ ಪೈ ಮಾರುತ್ತಿದ್ದ ಕೌಂಟರಿನಲ್ಲಿ ಹೀಗೇ ನೋಡಿ, “ಬಿಸಿ ಇದ್ಯಾ?” ಎಂದಿದ್ದ. “ಪೈನಾ, ನಾನಾ?” ಎಂದಿದ್ದೆ. ಒಡೆದ ತುಟಿಯಲ್ಲೇ ನಕ್ಕಿದ್ದ.

“ಚಮಚ. ಉಪ್ಪು. ಬೆಣ್ಣೆ.” ತುಟಿ ಸುಮ್ಮನೆ ಅಲುಗಿತು. “ಜರಡಿ. ನಾಲ್ಕು. ನಾನು ಪಾಸು.”

“ಇದೂ ಬೇಕಂತಲೇ ತಾನೇ?”

ಹೌದು ಅನ್ನಲಿ ಎಂದು ಕಾದೆ. ಅವನು ಟೀ ಕಪ್ ನೋಡುತ್ತಾ ಕುಳಿತ.

“ಇವತ್ತಿನ ಮ್ಯಾಚ್ ಆಡ್ಬೇಡ, ಡ್ಯಾರೆಲ್.”

“ಮೂವತ್ಮೂರಾಯ್ತು. ಇನ್ನೊಂದು ವರ್ಷ ಸಿಕ್ಕಿದ್ರೆ ಹೆಚ್ಚು. ಆಡ್ದಿದ್ರೆ ನಾನು ಯಾರೇ?”

“ನನ್ನವನು.”

ಸೊಟ್ಟಗಾದ ಬೆರಳಿನಿಂದ ನನ್ನ ಕೆನ್ನೆ ಸವರಿದ. “ಅಷ್ಟು ಸಾಲಲ್ಲ ಕಣೇ, ಚಿನ್ನ.”

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಫೋನ್ ಎತ್ತಿಕೊಂಡೆ.

“ಡಾಕ್ಟರ್‌ಗೆ ಹೇಳಿದ್ರೆ ಈ ಮನೆಗೆ ಕಾಲಿಡಲ್ಲ ನಾನು.”

ಅವನು ಬರೀ ಮಾತಿಗೆ ಹೇಳುವವನಲ್ಲ. ಗೊತ್ತಿತ್ತು. ಅವನೆದುರೇ ಡಾಕ್ಟರಿಗೆ ಹೇಳಿದೆ: ಜನವರಿಯ ಮೋಸ, ಕಾರು, ಈಗಿನ ನಾಲ್ಕು ಪದ, ಎಲ್ಲ. ಅವನು ಫೋನ್ ಕಿತ್ತುಕೊಳ್ಳಲಿಲ್ಲ. ಯಾರದೋ ಕಥೆಯೆಂಬಂತೆ ನಿಂತು ಕೇಳಿದ.

ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ. “ಕೂದಲಲ್ಲಿ ಹಿಟ್ಟು,” ಎಂದು ಮೆಲ್ಲಗೆ ಒರೆಸಿದ. ಆ ಕೈ ಹಿಡಿದುಕೊಳ್ಳಬೇಕಿತ್ತು. ಹಾಳು ಸಿಟ್ಟು, ಬಿಡಲಿಲ್ಲ.

ಮೂರು ಗಂಟೆಗೆ ಮೈದಾನದ ಕಡೆಯಿಂದ ಜನರ ಕೂಗು ಕೇಳಿಸಿತು. ಡಾಕ್ಟರು ಅವನನ್ನು ಆಡಿಸಲಿಲ್ಲ. ಓವನ್‌ನಿಂದ ಮಾಂಸ ತೆಗೆದು ಇಬ್ಬರಿಗೂ ಬಡಿಸಿಟ್ಟೆ. ಅವನು ಅಂದು ಬರಲಿಲ್ಲ. ಆಮೇಲೂ ಬರಲಿಲ್ಲ.