ಉಡದಾರದ ಉಂಗುರ

"ಯಾಕ ಬಂದಿ?"

ತಿಕೋಟಾದ ಒಣದ್ರಾಕ್ಷಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಮಹಾನಂದಾಳನ್ನು ಒಮ್ಮೆ ನೋಡಿ, ಚಂದ್ರಕಾಂತ ಮತ್ತೆ ದ್ರಾಕ್ಷಿಯ ಕಡೆ ತಿರುಗಿದ.

ಇದನ್ನು ಕೇಳುವುದಕ್ಕಾಗಿ ಬಬಲೇಶ್ವರದಿಂದ ಎರಡು ಬಸ್ಸು ಹತ್ತಿ ಬಂದೆನೆ ಎಂದುಕೊಂಡಳು ಅವಳು.

"ಉಂಗುರ ವಾಪಸ್ ಕಳಿಸಿದಾಕಿಗೆ ಇಲ್ಲೇನ ಕೆಲಸ?"

ವಾಪಸ್ಸೇ? ಅವಳು ಬೆಚ್ಚಿದಳು.

"ಜೋಪಾನ ಇಡ್ರಿ ಅಂತ ಕಳಿಸಿದ್ದೆ. ಅಪ್ಪ ಹೇಳಲಿಲ್ಲೇನ್ರಿ?"

ಅವಳ ಅಪ್ಪ ರೇವಪ್ಪ ಏನೂ ಹೇಳಿರಲಿಲ್ಲ. ನಿಶ್ಚಯದ ಉಂಗುರವನ್ನು ಚಂದ್ರಕಾಂತನ ತಾಯಿಯ ಕೈಗಿಟ್ಟು, ಕೊಟ್ಟ ಚಹಾವನ್ನೂ ಕುಡಿಯದೆ ಎದ್ದು ಹೋಗಿದ್ದ. ಮಗಳ ಬೇನೆಯ ಹೆಸರು ಅವನ ಬಾಯಿಂದ ಹೊರಡಲಿಲ್ಲ. ಚಂದ್ರಕಾಂತನ ಮನೆಯವರು ಸಂಬಂಧ ಮುರಿಯಿತು ಎಂದುಕೊಂಡರು. ಅವಳು ಆಸ್ಪತ್ರೆಯಿಂದ ಮಾಡಿದ ಫೋನನ್ನು ಚಂದ್ರಕಾಂತ ಸಿಟ್ಟಿನಿಂದ ಎತ್ತಲೇ ಇಲ್ಲ. ಬೇನೆ ಗೊತ್ತಾಗಿ ಹಿಂದೆ ಸರಿದನೆಂದು ಅವಳು ಗೋಡೆಯ ಕಡೆ ತಿರುಗಿ ಅತ್ತಿದ್ದಳು.

ಮಹಾನಂದಾ ಕೊರಳಿಗೆ ಸುತ್ತಿದ್ದ ವೇಲ್ ಸರಿಸಿದಳು. ಕಿವಿಯ ಕೆಳಗೆ ಕಪ್ಪು ಗಾಯದ ಗುರುತು.

"ಕ್ಯಾನ್ಸರ್," ಎಂದಳು.

ಅವನ ಕೈಯಿಂದ ಬುಟ್ಟಿ ಜಾರಿತು.

ಅವಳು ನಿಧಾನವಾಗಿ ತಿಳಿಸಿ ಹೇಳಿದಳು. ಮುಂಬೈಯಲ್ಲಿ ಇನ್ನೂ ಪರೀಕ್ಷೆಯಲ್ಲಿರುವ ಹೊಸ ಚಿಕಿತ್ಸೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಕಣಗಳನ್ನು ರಕ್ತಕ್ಕೆ ಬಿಡುತ್ತಾರೆ. ಅವು ಹೋಗಿ ಗಡ್ಡೆಯೊಳಗೆ ಸೇರುತ್ತವೆ. ಆಮೇಲೆ ಅಲ್ಲಿಗೆ ಲೇಸರ್ ಬೆಳಕು ಬಿಟ್ಟರೆ ಕಣಗಳು ಕಾದು ಗಡ್ಡೆಯನ್ನು ಸುಡುತ್ತವೆ.

"ಬೆಳಕಿಗೆ ಬಂಗಾರ ಕಾಯ್ತದ ಅಂದ್ರು. ಬೆರಳಾಗಿನ ಉಂಗುರಾನೂ ಕಾದು ಸುಡತದಂತ ಅಂಜಿ ತಗದೆ... ಸಾಲಿ ಕಲ್ತ ಹುಚ್ಚಿ ನಾ."

ಅವನಿಗೆ ನಗಲಾಗಲಿಲ್ಲ. "ಗಡ್ಡಿ ಹೋತೇನು?"

"ಅರ್ಧ. ಉಳಿದದ್ದಕ್ಕ ಮತ್ತ ಹೋಗಬೇಕು. ಪೂರಾ ಹೋಗತದಂತ ಯಾರೂ ಹೇಳವಲ್ರು."

ಶೆಡ್ಡಿನ ಹಸಿರು ಪರದೆ ಗಾಳಿಗೆ ಪಟಪಟಿಸಿತು. ಚಂದ್ರಕಾಂತ ಅಂಗಿ ಎತ್ತಿ, ಸೊಂಟದ ಉಡದಾರಕ್ಕೆ ಕಟ್ಟಿದ್ದ ಉಂಗುರ ಬಿಚ್ಚಿದ. ಅಷ್ಟು ಸಿಟ್ಟಿನಲ್ಲೂ ಅದನ್ನು ಮೈಯಿಂದ ದೂರ ಇಟ್ಟಿರಲಿಲ್ಲ!

ಅವಳ ಬೆರಳಿಗೆ ತೊಡಿಸಿದ. ಜಾರಿತು. ಬೆರಳು ಅಷ್ಟು ಸೊರಗಿತ್ತು.

ಉಡದಾರದಿಂದ ಒಂದು ಎಳೆ ಹರಿದು ಅವಳ ಬೆರಳಲ್ಲೇ ಉಂಗುರಕ್ಕೆ ಬಿಗಿಯಾಗಿ ಸುತ್ತತೊಡಗಿದ.

"ಮುಂದಿನ ಸಲ ಮತ್ತ ತಗೀಬೇಕಾಗ್ತದ," ಎಂದಳು. "ಒಡವಿ ಹಾಕ್ಕೊಂಡ್ರ ಒಳಗ ಬಿಡಂಗಿಲ್ಲ."

"ನನ್ನ ಕೈಯಾಗ ಕೊಡು. ಬಾಗಲದಾಗ ಕುಂತಿರ್ತೇನಿ."

"ನಾ ಹೊರಗ ಬರದಿದ್ರ...?"

ಅವನು ದಾರ ಸುತ್ತುತ್ತಲೇ ಇದ್ದ.

"ಸುತ್ತಾಕತ್ತೇನಿ. ಕೈ ಅಳ್ಳಾಡಸಬ್ಯಾಡ."

ಅಲುಗುತ್ತಿದ್ದುದು ಅವನ ಕೈ.